ಹೊಸ ಕೃಷಿಹೊಂಡದಲ್ಲಿ ಮೀನುಮರಿಗಳ ರಕ್ಷಣೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಆದಕಾರಣ ಅನೇಕ ರೈತರು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳಲ್ಲಿ ನೀರನ್ನು ಶೇಖರಿಸಿ, ಅದರಲ್ಲಿಯೇ ಕಾಟ್ಲಾ, ರೋಹು ಮರಿಗಳನ್ನು ಬಿಡುವುದುಂಟು. ನೀರು ತಿಳಿಯಾಗಿದ್ದರೂ ಮರಿಗಳು ಕೆಲವೇ ದಿನಗಳಲ್ಲಿ ಸತ್ತು ಹಣವು ನಷ್ಟವಾಗಬಹುದು. ಇದರ ಕಾರಣವನ್ನು ತಿಳಿದಿರುವುದು ಅವಶ್ಯಕ.

ಮೀನಿನ ಕಿವಿರುಗಳಿಂದಲೂ, ಕೊಳೆತ ಮೇವಿನಿಂದಲೂ ಅಮೋನಿಯಾ ಎಂಬ ವಿಷವು ನೀರನ್ನು ಸೇರುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ಮಾರಕ. ಕಡೆಯದರಿಂದ ಅಪಾಯ ಬಹಳ ಕಡಿಮೆ, ಪೈರಿಗೆ ಅದೇ ಗೊಬ್ಬರ. ಹಳೆಯ ಕೆರೆಯ ಮಣ್ಣಿನಲ್ಲಿ ಈ ಜೀವಿಗಳು ನೆಲೆಸಿರುತ್ತವೆ. ಹೊಸ ಹಾಳೆಯ ಮೇಲೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಹಿಡಿಯುತ್ತವೆ.

ಮರಿಗಳನ್ನು ಈಗಾಗಲೇ ಬಿಟ್ಟಿರುವವರು ಮೇವನ್ನು ಅರ್ಧಕ್ಕೆ ಇಳಿಸತಕ್ಕದ್ದು. ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೇವನ್ನು ಪೂರ್ತಿ ನಿಲ್ಲಿಸಿ, ಕಾಲುಭಾಗ ನೀರನ್ನು ತೋಟಕ್ಕೆ ಹಾಯಿಸಿ, ಹೊಸ ನೀರನ್ನು ಎತ್ತರದಿಂದ ಧಾರೆಯಾಗಿ ಬೀಳಿಸಿ ತುಂಬತಕ್ಕದ್ದು. ಆ ಸಮಯದಲ್ಲಿ ಸುಣ್ಣವನ್ನು ಹಾಕಕೂಡದು. ನೀರಿನಲ್ಲಿ ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚುತ್ತದೆ. ರೋಗವಿಲ್ಲದ ಹಳೆಯ ಹೊಂಡದಿಂದ ಲೋಳೆ ಹಿಡಿದ ಕಲ್ಲುಗಳನ್ನು ಒಣಗಗೊಡದೆ ತಂದು, ಹಾಳೆ ಹರಿಯದಂತೆ ಬಲೆಚೀಲದಲ್ಲಿ ಇಳಿಬಿಟ್ಟರೆ ಜೀವಿಗಳು ಬೇಗ ವೃದ್ಧಿಯಾಗುತ್ತವೆ.

ಹೊಸದಾಗಿ ಮರಿ ಬಿಡುವವರು ಮೊದಲು ಸ್ವಲ್ಪವನ್ನೇ ಬಿಟ್ಟು, ನೀರಿನ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಕಾಣದಂತಾದ ಮೇಲೆ ಉಳಿದವನ್ನು ಬಿಡುವುದು ಲೇಸು. ಗ್ರಾಮದ ಮುಖಂಡರು ಈ ವಿಷಯವನ್ನು ನೆರೆಹೊರೆಯ ರೈತರಿಗೂ ತಿಳಿಯಪಡಿಸಬೇಕು.