ಮೊಣಕಾಲಿನ ಪೆಟ್ಟು ಮತ್ತು ಶ್ರವಣಾತೀತ ಧ್ವನಿ

ಕಬಡ್ಡಿಯಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದವನ ತೊಡೆ ಕೆಲವೇ ವಾರಗಳಲ್ಲಿ ಸಣ್ಣಗಾಗುವುದುಂಟು. ಪೆಟ್ಟು ಬಿದ್ದದ್ದು ಕೀಲಿಗೆ, ತೊಡೆ ಸೊರಗುವುದೇಕೆ? ಕೀಲಿನೊಳಗೆ ನೀರು ತುಂಬಿದಾಗ ಅಲ್ಲಿಯ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಅದು ತೊಡೆಯ ಮುಂಭಾಗದ ಸ್ನಾಯುವನ್ನು ತಡೆಹಿಡಿಯುತ್ತದೆ. ಕೀಲಿಗೆ ದ್ರವ ತುಂಬಿಸಿದರೆ ಸಾಕು, ಆ ಸ್ನಾಯುವಿನ ಕೆಲಸ ಕುಗ್ಗುವುದೆಂದು 1965ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಇಂಥವರಿಗೆ ಕೊಡುವ ಚಿಕಿತ್ಸೆಗಳಲ್ಲಿ ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಧ್ವನಿ, ಒಂದು. ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ; ಈ ಯಂತ್ರದ್ದು ಸಾಮಾನ್ಯವಾಗಿ 10 ಅಥವಾ 30 ಲಕ್ಷ. ನಡುವೆ ಗಾಳಿಯಿದ್ದರೆ ಅಲೆಗಳು ಒಳಹೋಗಲಾರವು. ಆದುದರಿಂದ ಚರ್ಮಕ್ಕೆ ಜೆಲ್ ಹಚ್ಚುತ್ತಾರೆ. ಒಂದೇ ಕಡೆ ಸುಡದಂತೆ ಯಂತ್ರದ ತಲೆಯನ್ನು ಆಡಿಸುತ್ತಿರುತ್ತಾರೆ. ಒಳಭಾಗ ಬೆಚ್ಚಗಾಗುತ್ತದೆ, ನೋವು ತುಸು ತಗ್ಗಲೂಬಹುದು.

ಆದರೆ ಬೆಚ್ಚಗಾಗುವುದು ಬೇರೆ, ಬಲಗೊಳ್ಳುವುದು ಬೇರೆ. ಸ್ನಾಯು ಬಲಗೊಳ್ಳುವುದು ತಾನು ದುಡಿದಾಗಲೇ. ಭಾರವನ್ನು ಕ್ರಮವಾಗಿ ಏರಿಸುತ್ತ ವ್ಯಾಯಾಮ ಮಾಡಿಸುವ ವಿಧಾನವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿಯೇ ವಿವರಿಸಿದ್ದರು. ಇಂದಿಗೂ ಮುಖ್ಯ ಚಿಕಿತ್ಸೆ ವ್ಯಾಯಾಮವೇ.

ಆದಕಾರಣ, ಯಂತ್ರದ ಚಿಕಿತ್ಸೆ ಪಡೆದು ಬಂದ ಆಟಗಾರ ಮಿತ್ರರು, ವೈದ್ಯರು ಹೇಳಿಕೊಟ್ಟಂತೆ ದಿನವೂ ತೊಡೆ ಬಿಗಿದು ಕಾಲೆತ್ತುವುದನ್ನು ಮರೆಯಬಾರದು. ಭಾರವನ್ನೆಲ್ಲ ಯಂತ್ರದ ಮೇಲೆ ಹಾಕಿ ಕುಳಿತರೆ ಸೊರಗಿದ ತೊಡೆ ತುಂಬಲಾರದು.