ದೀರ್ಘಾವಧಿಯ ಛಾಯಾಗ್ರಹಣದಲ್ಲಿ ಫಿಲ್ಮಿನ ಸ್ಥಿರತೆ

ದೊಡ್ಡ ಹಾಳೆ ಫಿಲ್ಮಿನ ಕ್ಯಾಮರಾದಿಂದ ಚಿತ್ರ ತೆಗೆಯುವವರು ಮುಕ್ಕಾಲಿಯನ್ನು ಭದ್ರವಾಗಿ ಊರುತ್ತಾರೆ. ಕೇಬಲ್ ರಿಲೀಸ್ ಹಿಡಿದು ಶಟರನ್ನು ಮೆಲ್ಲನೆ ತೆರೆಯುತ್ತಾರೆ. ಗಾಳಿ ಬೀಸಿದರೆ ಮರೆ ಕಟ್ಟುತ್ತಾರೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವೊಮ್ಮೆ ನೆಗೆಟಿವ್‌ನ ಒಂದು ಭಾಗ ಸ್ಫುಟವಾಗಿಯೂ ಇನ್ನೊಂದು ಭಾಗ ಜೋಡುಗೆರೆಗಳಿಂದ ಮಸುಕಾಗಿಯೂ ಬರುವುದುಂಟು. ಕ್ಯಾಮರಾ ಅಲುಗಿದ್ದರೆ ಸಾಮಾನ್ಯವಾಗಿ ಚಿತ್ರವೆಲ್ಲವೂ ಕೆಡುತ್ತದೆ. ಅಚಲವಾದ ವಸ್ತುವಿನ ಚಿತ್ರದಲ್ಲಿ ಒಂದು ಭಾಗ ಮಾತ್ರ ಕೆಟ್ಟಿದ್ದರೆ, ಒಳಗಿನ ಫಿಲ್ಮೇ ಕದಲಿತೆಂದು ಸಂದೇಹಿಸಬೇಕು.

ಈ ತೊಂದರೆ ದೀರ್ಘಾವಧಿಯ ಎಕ್ಸ್‌ಪೋಷರಿನಲ್ಲಿಯೇ ಹೆಚ್ಚು. ಮಂದ ಬೆಳಕಿನ ಪ್ರಾಚೀನ ಮಂಟಪವೊಂದರ ಚಿತ್ರಕ್ಕೆ ಎಫ್/8 ಅಪರ್ಚರಿನಲ್ಲಿ 3 ಸೆಕೆಂಡು ಸಾಕೆಂದು ಲೈಟ್ ಮೀಟರ್ ಸೂಚಿಸಿತೆನ್ನೋಣ. ಹತ್ತಿರದ ಕಂಬವೂ ದೂರದ ಗೋಡೆಯೂ ಸ್ಫುಟವಾಗಬೇಕೆಂದು ಅಪರ್ಚರನ್ನು ಎಫ್/45ಕ್ಕೆ ಇಳಿಸಿದರೆ ಬೆಳಕು ಸುಮಾರು 32ರಲ್ಲಿ ಒಂದು ಪಾಲಾಗಿ, ಕಾಲ ಸುಮಾರು 100 ಸೆಕೆಂಡಿಗೆ ಏರುತ್ತದೆ. ಇದಲ್ಲದೆ, ಮಂದ ಬೆಳಕಿನಲ್ಲಿ ಫಿಲ್ಮಿನ ಸಂವೇದನಶೀಲತೆಯೇ ಕುಗ್ಗುತ್ತದೆ. ಟ್ರೈ-ಎಕ್ಸ್ ಫಿಲ್ಮಿಗೆ ಕೊಡಕ್ ಸಂಸ್ಥೆ ಪ್ರಕಟಿಸಿದ ಕೋಷ್ಟಕದಂತೆ ಮೀಟರ್ ಸೂಚಿಸುವ 10 ಸೆಕೆಂಡಿಗೆ 50 ಸೆಕೆಂಡು, 100 ಸೆಕೆಂಡಿಗೆ 1200 ಸೆಕೆಂಡು ಕೊಡಬೇಕು. ಹೀಗೆ 3 ಸೆಕೆಂಡಿನ ಕಾರ್ಯ 20 ನಿಮಿಷದ್ದಾಗುತ್ತದೆ. ಅಷ್ಟು ಹೊತ್ತು ಫಿಲ್ಮ್ ಅಲುಗದಿರಬೇಕು.

ಫಿಲ್ಮ್ ಏಕೆ ಕದಲುತ್ತದೆ? 4×5 ಅಂಗುಲದ ಹಾಳೆಯ ದಪ್ಪ ಸುಮಾರು 0.18 ಮಿಲಿಮೀಟರ್. ಹೋಲ್ಡರಿನಲ್ಲಿ ಅದನ್ನು ಅಂಚುಗಳಲ್ಲಿ ಮಾತ್ರ ಗಾಡಿಗಳು ಹಿಡಿದಿರುತ್ತವೆ. ಹಾಳೆ ಸರಾಗವಾಗಿ ಒಳಸೇರಲೆಂದು ಅಲ್ಲಿಯೂ ಕೊಂಚ ಸಡಿಲವಿರುತ್ತದೆ. ಫಿಲ್ಮಿನ ಮೇಲಿನ ಎಮಲ್ಷನ್ ಜೆಲಟಿನ್‌ನಿಂದಾದುದು. ಅದು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮುಚ್ಚಿದ ಹೋಲ್ಡರಿನ ಗಾಳಿಗೂ ಕ್ಯಾಮರಾದೊಳಗಿನ ಗಾಳಿಗೂ ತೇವಾಂಶದಲ್ಲಿ ವ್ಯತ್ಯಾಸವಿದ್ದರೆ, ಡಾರ್ಕ್ ಸ್ಲೈಡ್ ಎಳೆದ ಕ್ಷಣದಿಂದಲೇ ಫಿಲ್ಮ್ ಬಾಗತೊಡಗಬಹುದು. ಕ್ಯಾಮರಾವನ್ನು ಕೆಳಮುಖವಾಗಿ ಹಿಡಿದಾಗ ಹಾಳೆಯ ಸ್ವಂತ ಭಾರವೂ ಇದಕ್ಕೆ ಸೇರುತ್ತದೆ. 8×10 ಅಂಗುಲದ ಹಾಳೆಯಲ್ಲಿ ಈ ದೋಷ ಇನ್ನೂ ಹೆಚ್ಚು.

ಅಪರ್ಚರ್ ಕಿರಿದಾಗಿರುವಾಗ ಫೋಕಸ್ ಕೆಡುವುದಿಲ್ಲ, ಆದ್ದರಿಂದ ಚಿಂತೆಯಿಲ್ಲ ಎಂದು ಕೆಲವರು ವಾದಿಸಬಹುದು. ಇದು ಅರ್ಧಸತ್ಯ. ಲೆನ್ಸಿನಿಂದ ಬರುವ ಕಿರಣಗಳು ಚಿತ್ರದ ಮಧ್ಯದಲ್ಲಿ ನೇರವಾಗಿಯೂ ಬದಿಗಳಲ್ಲಿ ಓರೆಯಾಗಿಯೂ ಬೀಳುತ್ತವೆ. 150 ಮಿಲಿಮೀಟರ್ ಲೆನ್ಸಿನಲ್ಲಿ, ಮಧ್ಯದಿಂದ 45 ಮಿಲಿಮೀಟರ್ ದೂರದ ಬಿಂದುವೊಂದರಲ್ಲಿ ಫಿಲ್ಮ್ ಅರ್ಧ ಮಿಲಿಮೀಟರ್ ಮುಂದಕ್ಕೆ ಉಬ್ಬಿದರೆ ಬಿಂಬವು ಸುಮಾರು 0.15 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಚಿತ್ರವನ್ನು ಐದು ಪಟ್ಟು ಹಿಗ್ಗಿಸಿದಾಗ ಅದು ಮುಕ್ಕಾಲು ಮಿಲಿಮೀಟರ್ ಆಗಿ ಬರಿಗಣ್ಣಿಗೂ ಕಾಣುತ್ತದೆ. ಅಪರ್ಚರನ್ನು ಎಷ್ಟು ಕಿರಿದಾಗಿಸಿದರೂ ಈ ಸರಿತ ತಪ್ಪದು.

ಪರಿಹಾರಗಳು ಸರಳವಾಗಿವೆ. ಶೀತಲ ಪೆಟ್ಟಿಗೆಯಿಂದ ತೆಗೆದ ಫಿಲ್ಮನ್ನು ಕೋಣೆಯ ಉಷ್ಣತೆಗೆ ಬಂದ ಬಳಿಕವೇ ಹೋಲ್ಡರಿಗೆ ತುಂಬಬೇಕು. ತುಂಬಿದ ಹೋಲ್ಡರುಗಳನ್ನು ಚಿತ್ರ ತೆಗೆಯುವ ಸ್ಥಳದ ಹವೆಗೆ ಸ್ವಲ್ಪ ಕಾಲ ಹೊಂದಿಕೊಳ್ಳಬಿಡಬೇಕು. ಕ್ಯಾಮರಾಕ್ಕೆ ಸೇರಿಸುವ ಮುನ್ನ, ಕೆಳಗೆ ಬರಲಿರುವ ಅಂಚನ್ನು ಅಂಗೈಗೆ ಮೆಲ್ಲನೆ ತಟ್ಟಿದರೆ ಹಾಳೆ ತಳಕ್ಕೆ ಇಳಿದು ನಿಲ್ಲುತ್ತದೆ. ನಡುವೆ ಜಾರುವ ಭಯವಿರದು. ಡಾರ್ಕ್ ಸ್ಲೈಡನ್ನು ನಿಧಾನವಾಗಿ ಎಳೆಯಬೇಕು. ಅನಂತರ ಶಟರ್ ಮುಚ್ಚಿದಂತೆಯೇ ಒಂದೆರಡು ನಿಮಿಷ ಕಾಯಬೇಕು: ಫಿಲ್ಮ್ ಬಾಗುವುದಿದ್ದರೆ ಬೆಳಕು ಬೀಳುವ ಮುನ್ನವೇ ಬಾಗಿ ನೆಲೆಗೊಳ್ಳಲಿ. ಇನ್ನೂ ಹೆಚ್ಚಿನ ಭದ್ರತೆ ಬೇಕಾದವರು ಹೋಲ್ಡರಿನ ತಳದಲ್ಲಿ ಎರಡೂ ಬದಿ ಅಂಟುವ ಟೇಪಿನ ಸಣ್ಣ ತುಂಡುಗಳನ್ನು ಇಡುವುದುಂಟು. ಅಂಟು ಪ್ರಬಲವಾಗಿರಬಾರದು, ಕತ್ತಲೆಯಲ್ಲಿ ಬಿಡಿಸುವಾಗ ಹಾಳೆ ಮಡಿಸೀತು.

ವೃತ್ತಿಪರರು ಈ ಸಮಸ್ಯೆಯನ್ನು ಬಹು ಹಿಂದೆಯೇ ಅರಿತಿದ್ದರು. ಆಫ್‌ಸೆಟ್ ಮುದ್ರಣದ ಪ್ರೋಸೆಸ್ ಕ್ಯಾಮರಾಗಳಲ್ಲಿ ಸಣ್ಣ ರಂಧ್ರಗಳುಳ್ಳ ಫಲಕಕ್ಕೆ ಪಂಪಿನ ಹೀರುಬಲದಿಂದ ಫಿಲ್ಮನ್ನು ಒತ್ತಿ ಹಿಡಿಯುತ್ತಿದ್ದರು. ಖಗೋಳಶಾಸ್ತ್ರಜ್ಞರು ಫಿಲ್ಮ್ ಬಳಕೆಗೆ ಬಂದ ಎಷ್ಟೋ ದಶಕಗಳ ಮೇಲೂ ಗಾಜಿನ ಪ್ಲೇಟುಗಳನ್ನೇ ನೆಚ್ಚಿದ್ದರು. ಗಾಜು ತೇವಕ್ಕೆ ಹಿಗ್ಗದು, ಆಕಾರ ಕೆಡದು. ಅಮೆರಿಕದ ಪಾಲೋಮಾರ್ ವೀಕ್ಷಣಾಲಯದಲ್ಲಿ 1949ರಲ್ಲಿ ಆರಂಭವಾಗಿ 1950ರ ದಶಕದ ಉದ್ದಕ್ಕೂ ನಡೆದ ಆಕಾಶ ಸಮೀಕ್ಷೆಗೆ 14 ಅಂಗುಲ ಚೌಕದ ತೆಳುಗಾಜಿನ ಪ್ಲೇಟುಗಳನ್ನು ಬಳಸಿದರು. ಆ ದೂರದರ್ಶಕದ ಬಿಂಬತಲವು ಬಾಗಿದ್ದುದರಿಂದ ಪ್ಲೇಟುಗಳನ್ನೂ ಅದಕ್ಕೊಪ್ಪುವಂತೆ ಬಗ್ಗಿಸಿ ಭದ್ರಪಡಿಸಬೇಕಾಗಿತ್ತು. ಸಮತಲವಾಗಲಿ ಬಾಗಿದ್ದಾಗಲಿ, ಬೆಳಕು ಬೀಳುವಷ್ಟು ಹೊತ್ತು ಆಕಾರ ಬದಲಾಗಬಾರದೆಂಬುದೇ ಅಲ್ಲಿನ ನಿಯಮ.

ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳ ಅಧ್ಯಾಪಕರು ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸಬಹುದು. ಗೋಡೆಗೆ ಸಮವಾಗಿ ಅಂಟಿಸಿದ ವೃತ್ತಪತ್ರಿಕೆಯ ಪುಟವನ್ನು ಮಂದ ಬೆಳಕಿನಲ್ಲಿ ಎರಡು ಬಾರಿ, ಒಂದೇ ಅವಧಿಯವರೆಗೆ ಚಿತ್ರಿಸಲಿ: ಮೊದಲನೆಯದನ್ನು ಡಾರ್ಕ್ ಸ್ಲೈಡ್ ಎಳೆದೊಡನೆ, ಎರಡನೆಯದನ್ನು ಎರಡು ನಿಮಿಷ ಕಾದ ಮೇಲೆ. ಎರಡೂ ನೆಗೆಟಿವ್‌ಗಳ ಬದಿಯ ಅಕ್ಷರಗಳನ್ನು ಭೂತಗನ್ನಡಿಯಿಂದ ಹೋಲಿಸಿ ನೋಡಲಿ. ತಮ್ಮ ಹೋಲ್ಡರಿಗೆ, ತಮ್ಮ ಊರಿನ ಹವೆಗೆ ಎಷ್ಟು ಕಾಯಬೇಕೆಂಬುದನ್ನು ಅವರು ಸ್ವತಃ ಕಂಡುಕೊಳ್ಳುವರು. ಮುಂದೊಮ್ಮೆ ಶಿಥಿಲವಾಗುತ್ತಿರುವ ಭಿತ್ತಿಚಿತ್ರವನ್ನೋ ಶಾಸನವನ್ನೋ ದಾಖಲಿಸುವ ಕೆಲಸ ಅವರ ಪಾಲಿಗೆ ಬಂದಾಗ, ಈ ಎರಡು ನಿಮಿಷಗಳ ತಾಳ್ಮೆಯೇ ಆ ದಾಖಲೆಯನ್ನು ಉಳಿಸೀತು.