ಉದ್ಯೋಗದ ಹೊಸ್ತಿಲಲ್ಲಿ ನಡೆನುಡಿಯ ಶಿಕ್ಷಣ

ಪದವಿಪತ್ರವಿದ್ದು, ಅಂಕಗಳೂ ತೃಪ್ತಿಕರವಾಗಿದ್ದು, ಸಂದರ್ಶನದ ಕೊಠಡಿಯಲ್ಲಿ ಮಾತ್ರ ಮೌನಕ್ಕೆ ಶರಣಾಗುವ ಗ್ರಾಮೀಣ ತರುಣರುಂಟು. ಅವರಲ್ಲಿರುವುದು ಜ್ಞಾನದ ಕೊರತೆಯಲ್ಲ. ಹಿರಿಯರೆದುರು ಹೆಚ್ಚು ಮಾತನಾಡಬಾರದೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿತ ವಿನಯವೇ ಅಲ್ಲಿ ಅಜ್ಞಾನವೆಂದು ಪರಿಗಣಿತವಾಗುತ್ತದೆ. ಸದ್ಗುಣವೇ ಜೀವನೋಪಾಯಕ್ಕೆ ಅಡ್ಡಿಯಾಗುವ ಈ ಸ್ಥಿತಿಯು ಶಿಕ್ಷಕರೆಲ್ಲರ ಗಮನಕ್ಕೆ ಅರ್ಹವಾಗಿದೆ.

ವಿಷಯಜ್ಞಾನದೊಡನೆ ಉದ್ಯೋಗದಾತರು ಅಪೇಕ್ಷಿಸುವ ನಡೆನುಡಿಯ ಗುಣಗಳಿಗೆ ಇಂದು 'ಸಾಫ್ಟ್ ಸ್ಕಿಲ್ಸ್' ಅಥವಾ ಮೃದು ಕೌಶಲಗಳೆಂದು ಹೆಸರು. 1972ರ ಸುಮಾರಿಗೆ ಅಮೆರಿಕದ ಸೈನ್ಯವು ತನ್ನ ತರಬೇತಿಯಲ್ಲಿ, ಯಂತ್ರಗಳಿಗೆ ಸಂಬಂಧಿಸದೆ ಜನರನ್ನು ಮುನ್ನಡೆಸುವಂತಹ ಕಾರ್ಯಗಳಿಗೆ ಬೇಕಾದ ಕೌಶಲಗಳನ್ನು ಈ ಹೆಸರಿನಿಂದ ಗುರುತಿಸಿತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಾಲಾಮಕ್ಕಳಿಗೆ ಸೂಚಿಸಿದ ಹತ್ತು ಜೀವನ ಕೌಶಲಗಳಲ್ಲಿ ಸಂವಹನ, ಸಮಸ್ಯಾಪರಿಹಾರ, ಪರಾನುಭೂತಿ, ಒತ್ತಡದ ನಿರ್ವಹಣೆ ಮುಂತಾದವು ಸೇರಿವೆ. ಇವು ಉಪನ್ಯಾಸದಿಂದ ಬರುವಂತಹವಲ್ಲ, ಅಭ್ಯಾಸದಿಂದಲೇ ಬರತಕ್ಕವು.

ಮೊದಲನೆಯದು ಆಲಿಸುವಿಕೆ. ಒಮ್ಮೆ ಕೊಟ್ಟ ಸೂಚನೆಯನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ತಿರುಗಿ ಹೇಳಿ, ಸಂದೇಹವಿದ್ದರೆ ಕೆಲಸಕ್ಕೆ ತೊಡಗುವ ಮುನ್ನವೇ ಕೇಳಬೇಕು. ಎರಡನೆಯದು ಹೊಣೆಗಾರಿಕೆ. ಒಪ್ಪಿದ ಕೆಲಸ ತಡವಾಗುವುದೆಂದು ಕಂಡೊಡನೆ, ಗಡುವು ಮೀರುವ ಮೊದಲೇ ತಿಳಿಸಬೇಕು. ಮೂರನೆಯದು ಭಿನ್ನಾಭಿಪ್ರಾಯದ ರೀತಿ. ಎದುರಿನವರ ವಾದವನ್ನು ನ್ಯಾಯವಾಗಿ ಹೇಳಿ, ಅನಂತರ ತನ್ನ ಕಾರಣವನ್ನು ಮಂಡಿಸಬೇಕು. ಹಿರಿಯರೆದುರು ಹೀಗೆ ಮಾತನಾಡುವುದು ಉದ್ಧಟತನವಲ್ಲವೆಂಬ ಧೈರ್ಯವನ್ನು ಶಿಕ್ಷಕರೇ ತುಂಬಬೇಕು.

ಸಂದರ್ಶನದಲ್ಲಿ ತಮ್ಮ ಪರಿಚಯ ಹೇಳಿರೆಂದರೆ ಅನೇಕರು ಹೆಸರು, ಊರು, ಅಂಕಗಳನ್ನು ಒಪ್ಪಿಸುತ್ತಾರೆ. ಅವೆಲ್ಲ ಅರ್ಜಿಯಲ್ಲಿಯೇ ಇರುತ್ತವೆ. ಸಂದರ್ಭ, ಹೊಣೆ, ಕೈಗೊಂಡ ಕ್ರಮ, ದೊರೆತ ಫಲ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಒಂದು ಅನುಭವವನ್ನು ಹೇಳುವುದು ಲೇಸು. ವಿದ್ಯಾರ್ಥಿನಿಲಯದಲ್ಲಿ ಅನ್ನ ವ್ಯರ್ಥವಾಗುತ್ತಿದ್ದುದು, ಉಗ್ರಾಣದ ಲೆಕ್ಕ ತನ್ನ ಪಾಲಿಗೆ ಬಂದುದು, ಊಟಕ್ಕೆ ಬರುವವರ ಹೆಸರನ್ನು ಮುನ್ನಾದಿನವೇ ಬರೆಸಿಕೊಂಡುದು, ಅದರಿಂದ ವ್ಯಯ ತಗ್ಗಿದುದು: ಇಷ್ಟನ್ನು ಕ್ರಮವಾಗಿ ಹೇಳಬಲ್ಲ ವಿದ್ಯಾರ್ಥಿಯು ತನ್ನ ಯೋಗ್ಯತೆಗೆ ತಾನೇ ಸಾಕ್ಷಿ ಒದಗಿಸಿದಂತೆ. ಇಂತಹ ಅನುಭವ ಬಡ ಮಕ್ಕಳಲ್ಲಿಯೇ ಹೆಚ್ಚಾಗಿರಬಹುದು. ಅದಕ್ಕೆ ಬೆಲೆಯುಂಟೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇಂಗ್ಲಿಷ್ ಬಲ್ಲವರಿಗೆ ಮಾತ್ರ ಈ ಕೌಶಲ ಸಾಧ್ಯವೆಂಬುದು ತಪ್ಪು ಕಲ್ಪನೆ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಿ ಹೇಳಬಲ್ಲವನಿಗೆ ಅನ್ಯಭಾಷೆಯ ಪದಗಳು ಅಭ್ಯಾಸದಿಂದ ಒದಗುತ್ತವೆ. ಹಾಗೆಯೇ, ನಯವಾದ ಮಾತು ವಿಷಯಜ್ಞಾನದ ಸ್ಥಾನವನ್ನು ಎಂದಿಗೂ ತುಂಬಲಾರದು.

ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ದಿನ ಬಂದು ಮಾದರಿ ಸಂದರ್ಶನ ನಡೆಸಿ, ತಪ್ಪುಗಳನ್ನು ಪ್ರೀತಿಯಿಂದ ತಿದ್ದಿದರೆ ಅದೂ ದಾನವೇ. ಕಟ್ಟಡಕ್ಕೆ ಕೊಟ್ಟ ಧನದಂತೆಯೇ ಈ ಸಮಯದಾನವೂ ಒಂದು ಮನೆಯ ಒಲೆಯನ್ನು ಹೊತ್ತಿಸಬಲ್ಲದು.